ಪಟ್ಟಲಮ್ಮನ ಹೊತ್ತು

ಮದ್ದೂರಿನಲ್ಲಿ ಮಳವಳ್ಳಿ ಕಡೆಯ ಬಸ್ಸು ಹತ್ತಿದರೆ ನಾಲೆ ಕೆಳಗೆ ಒಂದು ಊರು ಸಿಗುತ್ತದೆ. ಹೆಸರು ಬೇಡ ಬಿಡಿ, ಹೆಚ್ಚು ಕಡಿಮೆ ನಿಮ್ಮೂರಿನ ಹಾಗೇ ಇದೆ. ಆ ಊರಲ್ಲಿ ನಾಟಿ ಶುರುವಾಯಿತೆಂದರೆ ಶಿವನಂಜಮ್ಮನನ್ನು ಹಿಡಿಯುವವರಿಲ್ಲ. ಹನ್ನೆರಡು ಹೆಣ್ಣಾಳುಗಳ ಗುಂಪಿಗೆ ಅವಳೇ ಮುಂದಾಳು. ಇವತ್ತು ಯಾರ ಗದ್ದೆ, ನಾಳೆ ಯಾರ ಗದ್ದೆ, ಯಾರು ಮಾತಾಡಿಕೊಂಡು ಸಾಲಲ್ಲಿ ಹಿಂದೆ ಬಿದ್ದರು, ಎಲ್ಲಾ ಅವಳಿಗೆ ಗೊತ್ತು.

ಆ ಗುಂಪಿಗೆ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಹನ್ನೊಂದು ಗಂಟೆ ಆಯಿತೆಂದರೆ ಶಿವನಂಜಮ್ಮ ಸೊಂಟ ನೆಟ್ಟಗೆ ಮಾಡಿ, "ಪಟ್ಟಲಮ್ಮನ ಒತ್ತಾಯ್ತು, ಏಳ್ರಮ್ಮೀ" ಎಂದು ಕೂಗುತ್ತಿದ್ದಳು. ಎಲ್ಲರೂ ಕೆಸರಿನಿಂದ ಎದ್ದು ಬದುವಿಗೆ ಹತ್ತುತ್ತಿದ್ದರು. ಶಿವನಂಜಮ್ಮ ಕೈ ತೊಳೆದು, ಬದುವಿನ ಮೇಲೆ ಒಂದು ವೀಳ್ಯದೆಲೆ, ಒಂದು ಅಡಿಕೆ ಇಟ್ಟು, ಪಟ್ಟಲಮ್ಮ ದೇವರಿಗೆ ಕೈ ಮುಗಿಯುತ್ತಿದ್ದಳು. ಆಮೇಲೆ ಅರ್ಧ ಗಂಟೆ ಬಿಡುವು. ಮನೆಯಲ್ಲಿ ಹಾಲು ಕುಡಿಯುವ ಕೂಸಿದ್ದವರು ಓಡಿಹೋಗಿ ಕುಡಿಸಿ ಬರುತ್ತಿದ್ದರು. ಇದನ್ನು ಅವಳಿಗೆ ಹೇಳಿಕೊಟ್ಟವಳು ತೀರಿಹೋದ ಅತ್ತೆ ಮಾಯಮ್ಮ. "ಪಟ್ಟಲಮ್ಮಂಗೆ ಒಂದೆಲೆ ಮಡುಗು" ಎಂದಿದ್ದಳು, ಇವಳು ಮಡಗಿದಳು. ಕೈ ಮುಗಿಯುವುದು ಮಾತ್ರ ಇವಳೇ ಸೇರಿಸಿಕೊಂಡದ್ದು.

ಈ ಸಲ ರಘುನಂದನನ ಗದ್ದೆಯಲ್ಲಿ ನಾಟಿ. ಹುಡುಗ ಕೆಟ್ಟವನಲ್ಲ. ನಗುನಗುತ್ತಾ ಮಾತಾಡಿಸುತ್ತಾನೆ, ಬದುವಿಗೇ ಕಾಫಿ ತರಿಸಿಕೊಡುತ್ತಾನೆ. ಆದರೆ ನಾಲೆ ನೀರು ನಿಲ್ಲಿಸುವ ದಿನ ಹತ್ತಿರ ಬಂದು ಅವನ ತಲೆ ಬಿಸಿಯಾಗಿತ್ತು. ಎಲೆ ಅಡಿಕೆ ಇಡುವುದನ್ನು ನೋಡಿ ಬಂದು ನಿಂತ.

"ಅಲ್ಲಾ ಕಣಕ್ಕಾ, ದೇವ್ರಿಗೆ ಎಲೆ ಮಡಗಕ್ಕೆ ಅರ್ಧ ಗಂಟೆ ಬೇಕಾ? ಎರಡು ನಿಮ್ಸ ಸಾಕು. ಇವತ್ತಿಂದ ಕೈ ಮುಗ್ದು ಇಳ್ದ್‌ಬುಡಿ."

ಶಿವನಂಜಮ್ಮನಿಗೂ ಅದು ಸರಿ ಅನ್ನಿಸಿತು. ಅವನು ಹೇಳಿದ್ದರಲ್ಲಿ ತಪ್ಪೇನಿದೆ? ದೇವರಿಗೆ ಕೈ ಮುಗಿಯಲು ಅಷ್ಟು ಹೊತ್ತು ಯಾಕೆ ಬೇಕು? "ಆಯ್ತು ಬುಡಣ್ಣ" ಎಂದು ಕೆಸರಿಗಿಳಿದಳು.

ಅವಳ ಸೊಸೆ ಪ್ರಿಯಾಂಕ ಅದೇ ಸಾಲಿನಲ್ಲಿದ್ದಳು. ಮನೆಯಲ್ಲಿ ಐದು ತಿಂಗಳ ಹೆಣ್ಣು ಕೂಸು. ಮಧ್ಯಾಹ್ನದ ಊಟದ ಹೊತ್ತಿಗೆ ಅವಳ ರವಿಕೆ ನೆನೆದು ಎದೆ ಕಲ್ಲಾಗಿತ್ತು. ಮನೆಗೆ ಓಡಿದರೆ ಕೂಸು ಅತ್ತೂ ಅತ್ತೂ ದನಿ ಹೋಗಿ ಮಲಗಿತ್ತು. ಸಂಜೆ ಪ್ರಿಯಾಂಕ ಹೇಳಿಯೇಬಿಟ್ಟಳು.

"ಅತ್ತೆಮ್ಮಾ, ನಾಳೆಯಿಂದ ನಾನು ನಾಟಿಗೆ ಬರಾಕಿಲ್ಲ."

"ನಾಟಿ ಬುಟ್ರೆ ಮಳೆಗಾಲ ಪೂರ್ತಿ ಕೈ ಕಟ್ಕಂಡ್ ಕುಂತ್ಕಬೇಕು ಕಣಮ್ಮಿ. ಡಬ್ಬಿ ಆಲು ಅಬ್ಯಾಸ ಮಾಡ್ಸು."

"ಬಾಯ್ಗಿಟ್ರೆ ಉಗೀತದೆ. ನನ್ನೆದೆ ಆಲು ಸುರ್ದು ಕೆಸರಿಗೆ ಓಗ್ಬೇಕು, ನನ್ ಮಗ ಡಬ್ಬಿ ಆಲು ಕುಡೀಬೇಕಾ?"

ಪ್ರಿಯಾಂಕ ಮಗಳನ್ನು 'ಮಗ' ಎಂದೇ ಕರೆಯುವುದು. ಸೊಸೆ ದುಡಿಮೆ ಬಿಡಬೇಕು, ಇಲ್ಲವೇ ಮೊಮ್ಮಗಳು ಹಾಲು ಬಿಡಬೇಕು. ಏನು ಮಾಡುವುದು ಎಂದು ತೋಚದೆ ಶಿವನಂಜಮ್ಮ ಜಗಲಿ ಮೇಲೆ ಕೂತಿದ್ದಾಗ ಶೋಭಿತಾ ಬಂದಳು. ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವ ಹುಡುಗಿ. ಕೈಯಲ್ಲಿ ಒಂದು ನೋಟ್‌ಬುಕ್ಕು.

"ಚಿಕ್ಕವ್ವಾ, ನಮ್ಮೂರಲ್ಲಿ ಕೂಲಿಯೋರ ಪರ ಹೋರಾಡಿದ ನಾಯಕರ ಪಟ್ಟಿ ಬರೀತಿದೀನಿ. ಬರೋ ಗ್ರಾಮಸಭೇಲಿ ಅವ್ರಿಗೆ ಮರ್ಯಾದೆ ಮಾಡ್ಬೇಕು. ನಿಂಗೆ ಯಾರಾದ್ರೂ ಗೊತ್ತಾ?"

ಶಿವನಂಜಮ್ಮ ರೇಗಿದಳು. "ನಮ್ಮೂರಾಗೆ ಯಾವ್ ನಾಯಕ್ರವ್ವಾ? ನಾಯಕ್ರು ಅನ್ನೋರು ಫೋಟೋದಾಗೆ ಇರ್ತಾರೆ. ಇಲ್ಲಿ ನನ್ ಮನೆ ಕೂಸಿಗೆ ಆಲಿಲ್ಲ, ನಿಂದೊಂದು ಪಟ್ಟಿ!"

"ಯಾಕೆ, ಏನಾಯ್ತು?"

ಪ್ರಿಯಾಂಕ ನಡೆದದ್ದೆಲ್ಲ ಹೇಳಿದಳು. ಪಟ್ಟಲಮ್ಮನ ಹೊತ್ತು ಎಂದ ಕೂಡಲೇ ಶೋಭಿತಾ ಕಣ್ಣರಳಿಸಿದಳು.

"ಚಿಕ್ಕವ್ವಾ, ಆ ಪಟ್ಟಲಮ್ಮ ದೇವ್ರಲ್ಲ. ನಮ್ಮಜ್ಜಿ!"

"ತೂ, ಬುಡ್ತು ಅನ್ನು! ದೇವ್ರ ಮಾತಲ್ಲಿ ತಮಾಸೆ ಮಾಡ್ತಾರಾ? ನಿಮ್ಮಜ್ಜಿ ಅನಕೆರೆ ಅವ್ವ ಅಲ್ವಾ?"

"ಹನಕೆರೆಯಿಂದ ಬಂದ ಸೊಸೆ ಅಂತ ಊರೋರು ಇಟ್ಟ ಹೆಸರು ಅದು. ಅವಳ ಹೆಸರು ಪಟ್ಟಲಮ್ಮ, ಆ ಬಿಡುವಿನ ಕತೆ ಅವಳೇ ನಂಗೆ ಹೇಳಿದಾಳೆ. ನಂಬಿಕೆ ಇಲ್ದಿದ್ರೆ ನೀನೇ ಬಂದು ಕೇಳು."

ಶಿವನಂಜಮ್ಮ ದಡಬಡ ಎದ್ದು ಹೊರಟಳು. ಇಪ್ಪತ್ತೈದು ವರ್ಷದಿಂದ ನೋಡುತ್ತಿರುವ ಮುದುಕಿ. ಬೀದಿಯಲ್ಲಿ ಸಿಕ್ಕರೆ "ಅನಕೆರೆ ಅವ್ವಾ, ಉಸಾರಾ?" ಎಂದು ಕೇಳುತ್ತಿದ್ದಳೇ ಹೊರತು, ನಿನ್ನ ಹೆಸರೇನು ಎಂದು ಒಂದು ದಿನವೂ ಕೇಳಿರಲಿಲ್ಲ. ಮುದುಕಿ ಕಾಲು ಚಾಚಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ವಿಷಯ ಕೇಳಿ ಅವಳಿಗೆ ನಗು ಬಂದು ಕೆಮ್ಮೇ ಹತ್ತಿಕೊಂಡಿತು.

"ಅಯ್ಯೋ ನಿನ್ ಮನೆ ಕಾಯ್ವಾಗ! ನಂಗೆ ಕೈ ಮುಗೀತಿದ್ಯಾ? ಆ ಎಲೆ ನಾನು ಬಾಯ್ಗೆ ಆಕ್ಕಳ್ಳಿ ಅಂತ ಮಡುಗ್ತಿದ್ದುದು ಕಣವ್ವಾ!"

ಆಮೇಲೆ ನಿಧಾನವಾಗಿ ಹೇಳಿದಳು. ನಲವತ್ತೈದು ವರ್ಷದ ಹಿಂದಿನ ಮಾತು. ಆಗ ಗದ್ದೆಗೆ ಇಳಿದರೆ ಹೊತ್ತು ಮುಳುಗುವ ತನಕ ಏಳುವ ಹಾಗಿರಲಿಲ್ಲ. ಕೂಸುಗಳ ಬಾಯಿಗೆ ಬೆಲ್ಲದ ನೀರಲ್ಲಿ ಅದ್ದಿದ ಬಟ್ಟೆ ಇಟ್ಟು ಬರುತ್ತಿದ್ದರು. ಒಂದು ದಿನ ರಘುನಂದನನ ತಾತ ತಿಮ್ಮಯ್ಯನವರ ಗದ್ದೆಯಲ್ಲಿ ಪಟ್ಟಲಮ್ಮ ಪೈರಿನ ಕಟ್ಟು ಕೈಲಿ ಹಿಡಿದೇ ಬದುವಿನ ಮೇಲೆ ಕೂತುಬಿಟ್ಟಳು. ಅವಳನ್ನು ನೋಡಿ ಇನ್ನೂ ಆರು ಜನ ಕೂತರು. ಅರ್ಧ ಗಂಟೆ ಹಾಲಿನ ಬಿಡುವು ಕೊಡುವ ತನಕ ಇಳಿಯುವುದಿಲ್ಲ ಎಂದರು. ಒಂದು ದಿನ, ಎರಡು ದಿನ. ಕಿತ್ತ ಪೈರು ಬಾಡತೊಡಗಿತು. ಮೂರನೇ ದಿನ ತಿಮ್ಮಯ್ಯ ಬಂದು, "ಆಯ್ತು ಇಳೀರಿ, ಕೊಟ್ಟೆ" ಎಂದರು. ಕೊಟ್ಟ ಮಾತು ಅವರು ತಪ್ಪಲಿಲ್ಲ. ಆದರೆ ಬೇರೆ ಜಮೀನಿನವರು ಎರಡು ವರ್ಷ ಪಟ್ಟಲಮ್ಮನನ್ನು ಕೆಲಸಕ್ಕೆ ಕರೆಯಲಿಲ್ಲ. ಆಗ ಅವಳು ಮನೆಯಲ್ಲೇನೂ ಕೂರಲಿಲ್ಲ. ದಿನಾ ಹನ್ನೊಂದಕ್ಕೆ ಕೂಸುಗಳನ್ನು ಕಂಕುಳಿಗೊಂದು, ಬೆನ್ನಿಗೊಂದು ಹಾಕಿಕೊಂಡು ಬದುವಿಗೇ ಹೊತ್ತು ತರುತ್ತಿದ್ದಳು. ಅವಳಿಗೆಂದು ಹೆಂಗಸರು ಒಂದೆಲೆ ಎತ್ತಿಡುತ್ತಿದ್ದರು.

"ನಾನು ಗದ್ದೆ ಕಡೆ ಓಗೋದ್ ಬುಟ್ಟು ಮೂವತ್ತು ವರ್ಸ ಆಯ್ತು. ಆಮ್ಯಾಕೂ ನಿಮ್ಮತ್ತೆ ಎಲೆ ಮಡುಗ್ತಿದ್ಲಾ?" ಎಂದು ಕೇಳಿದ ಮುದುಕಿಯ ಕಣ್ಣು ತುಂಬಿತು.

ಶಿವನಂಜಮ್ಮನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಕೂಸಿನ ಹಾಲಿಗೆಂದು ಗೆದ್ದ ಹೊತ್ತನ್ನು ತಾನೇ ದೇವರ ಹೊತ್ತು ಮಾಡಿ, ಎರಡು ನಿಮಿಷಕ್ಕೆ ಬಿಟ್ಟುಕೊಟ್ಟು ಬಂದಿದ್ದಳಲ್ಲ!

"ಅದಕ್ಕೇ ಚಿಕ್ಕವ್ವಾ ಪಟ್ಟಿ ಬರೀತಿರೋದು" ಎಂದಳು ಶೋಭಿತಾ. "ಯಾರು, ಯಾತಕ್ಕೆ ಹೋರಾಡಿದ್ರು ಅನ್ನೋದು ಮರ್ತ್ರೆ, ಗೆದ್ದಿದ್ದೂ ಕೈಬಿಟ್ಟು ಹೋಗ್ತದೆ."

ಮಾರನೆಯ ದಿನ ಹನ್ನೊಂದು ಗಂಟೆಗೆ ಶಿವನಂಜಮ್ಮ ಬದುವಿಗೆ ಹತ್ತಿ, ಸೆರಗು ಸಿಕ್ಕಿಸಿ, ನೇರ ರಘುನಂದನನ ಮುಂದೆ ನಿಂತಳು.

"ರಘಣ್ಣಾ, ಇದು ದೇವ್ರ ಒತ್ತಲ್ಲ. ಕೂಸಿಗೆ ಆಲು ಕುಡ್ಸೋ ಒತ್ತು. ನಿಮ್ ತಾತ ಇದೇ ಬದುವಿನ ಮ್ಯಾಲೆ ನಿಂತು ಕೊಟ್ಟ ಮಾತು. ಇಸ್ಕಂಡೋಳು ಇನ್ನೂ ಬದುಕವ್ಳೆ, ಓಗಿ ಕೇಳು."

ರಘುನಂದನ ತಲೆ ಕೆರೆದುಕೊಂಡ. "ಅಲ್ಲಕ್ಕಾ, ನೀರು ನಿಂತೋಯ್ತದಲ್ಲಾ..."

"ಎದೆ ಕಟ್ಕಂಡು ನೋವು ತಿನ್ನೋಳು ಎಷ್ಟು ಬಿರ್ನೆ ನಾಟಿ ಆಕಾಳು? ನೆನ್ನೆ ನಿನ್ ಗದ್ದೆಲಿ ಎಷ್ಟು ಸಾಲು ಕಮ್ಮಿ ಆಯ್ತು ಅಂತ ನೀನೇ ನೋಡ್ದಲ್ಲಾ?"

ಎದೆ, ಹಾಲು ಅಂದದ್ದೇ ಹುಡುಗ ಕೆಂಪಗಾಗಿ ನಾಲೆ ಕಡೆ ತಿರುಗಿ ನಿಂತ. ನಿನ್ನೆ ಕೆಲಸ ಹಿಂದೆ ಬಿದ್ದದ್ದು ಅವನಿಗೂ ಗೊತ್ತಿತ್ತು. "ದೇವ್ರಿಗೆ ಅಂತ ನೀವೇ ಅಂದ್ರಿ, ನಂಗೇನ್ ಗೊತ್ತು? ತಾತ ಕೊಟ್ಟಿದ್ನ ನಾನ್ ಕಿತ್ಕಂಡೆ ಅಂತ ಆಗ್ಬಾರ್ದು. ಓಗ್ರಕ್ಕಾ, ಕುಡಿಸ್ಕಂಡ್ ಬನ್ನಿ" ಎಂದ. ಅವನ ಮಾತು ಮುಗಿಯುವಷ್ಟರಲ್ಲಿ ಪ್ರಿಯಾಂಕ ಕೆಸರುಗಾಲಲ್ಲೇ ಅರ್ಧ ದಾರಿ ಓಡಿದ್ದಳು. ಅವತ್ತು ಕೂಸು ಹೊಟ್ಟೆ ತುಂಬ ಕುಡಿದು, ಅವ್ವನ ಮುಖ ನೋಡಿ ಕಿಲಕಿಲ ನಕ್ಕಿತು.

ಗ್ರಾಮಸಭೆಯ ದಿನ ಶಿವನಂಜಮ್ಮನೇ ಗುಂಪು ಕಟ್ಟಿಕೊಂಡು ಬಂದಳು. ಊರಿನ ಯಾವ ಗದ್ದೆಯಲ್ಲೂ ಹಾಲಿನ ಬಿಡುವು ತಪ್ಪಿಸಬಾರದೆಂದು ಎಲ್ಲರೂ ಒಪ್ಪಿದರು. ಮೊದಲು ಕೈ ಎತ್ತಿದವನು ರಘುನಂದನ. ಪಟ್ಟಲಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ತಂದರು. ಮುದುಕಿ ಕೈ ಅಡ್ಡ ಹಿಡಿದಳು.

"ಸಾಲು ಆಮ್ಯಾಕಾಗ್ಲಿ. ನಾನೊಬ್ಳೇ ಕುಂತಿದ್ನಾ? ಏಳು ಜನ ಕುಂತಿದ್ದೋ. ಎಲ್ರೆಸ್ರೂ ಬರಿ ಮಗಾ."

ಅವಳು ಹೇಳುತ್ತಾ ಹೋದಳು, ಶೋಭಿತಾ ಗೋಡೆಯ ದೊಡ್ಡ ಹಾಳೆಯಲ್ಲಿ ಬರೆಯುತ್ತಾ ಹೋದಳು. ಮಾಯಮ್ಮ ಎಂದಾಗ ಶಿವನಂಜಮ್ಮ ಬಿಕ್ಕಿದಳು. ತನ್ನ ಅತ್ತೆಯೂ ಕೂತಿದ್ದಳೆಂದು ಅವಳಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಚೌಡಮ್ಮ, ನಿಂಗಮ್ಮ, ದೊಡ್ಡತಾಯಮ್ಮ, ಪುಟ್ಟಮಾದಮ್ಮ. ಪಟ್ಟಲಮ್ಮನೂ ಸೇರಿ ಆರು. ಏಳನೆಯದಕ್ಕೆ ಮುದುಕಿ ತಡವರಿಸಿದಳು.

"ಮುತ್ತತ್ತಿ ಕಡೆಯೋಳು. ಬೋ ನಗೋಳು. ನನ್ ಪಕ್ಕದಲ್ಲೇ ಕುಂತಿದ್ಲು... ಎಸ್ರು ಬತ್ತಾ ಇಲ್ವಲ್ಲವ್ವಾ!"

ಸಭೆಯಲ್ಲಿದ್ದವರನ್ನೆಲ್ಲ ಕೇಳಿದರು. ಒಬ್ಬರಿಗೂ ಗೊತ್ತಿರಲಿಲ್ಲ. ಶೋಭಿತಾ ಏಳು ಎಂದು ಅಂಕಿ ಹಾಕಿ, ಪಕ್ಕದಲ್ಲಿ ಜಾಗ ಬಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನೀವು ಇವತ್ತು ಹೊತ್ತಿಗೆ ಸರಿಯಾಗಿ ಕೆಲಸ ಬಿಟ್ಟು ಮನೆಗೆ ಬರುತ್ತೀರಲ್ಲ, ಅದನ್ನು ಯಾರೋ ಹಸಿದು, ಬೈಸಿಕೊಂಡು ಗೆದ್ದುಕೊಟ್ಟಿದ್ದಾರೆ. ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂಬ ಕಾನೂನೂ ಇದೆ. ನಿಮ್ಮೂರಲ್ಲಿ ಅದು ನಡೆಯುತ್ತಿದೆಯಾ ನೋಡಿ, ಇಲ್ಲದಿದ್ದರೆ ಒಟ್ಟಾಗಿ ಕೇಳಿ. ಹಿಂದೆ ಕೇಳಿದವರು ಯಾರು ಎಂದು ಹಿರಿಯರ ಪಕ್ಕ ಕೂತು ತಿಳಿದುಕೊಳ್ಳಿ. ಹೆಸರು ಬರೆದಿಡಿ. ಬದುಕಿರುವಾಗಲೇ ಅವರನ್ನು ಸಭೆಗೆ ಕರೆದು ಮುಂದಿನ ಸಾಲಲ್ಲಿ ಕೂರಿಸಿ. ಆ ಊರಿನ ಹಾಳೆಯಲ್ಲಿ ಏಳನೇ ಸಾಲು ಇವತ್ತಿಗೂ ಖಾಲಿ ಇದೆ. ನಿಮ್ಮೂರಲ್ಲಿ ಖಾಲಿ ಬೀಳುವ ಮೊದಲು, ಇವತ್ತೇ ಸಂಜೆ ಹೋಗಿ ಕೇಳಿ.