ನೆರಳನ್ನು ಹಿಂದಿಕ್ಕಿದವನ ವಕೀಲರು

ನಮ್ಮ ಭಾವನಷ್ಟು ನಿಧಾನವಾಗಿ ನಡೆಯುವ ಮನುಷ್ಯರನ್ನು ನಾನು ಕಂಡಿಲ್ಲ. ಪ್ರತಿ ಹೆಜ್ಜೆಗೂ ನೆಲದ ಅಪ್ಪಣೆ ಕೇಳುವವರಂತೆ ಪಾದ ಊರುತ್ತಾರೆ. ದಾರಿಯಲ್ಲಿ ಯಾರಾದರೂ ಮಾತಿಗೆ ಸಿಕ್ಕರಂತೂ ಅವರ ಕನ್ನಡಕದ ಅಂಗಡಿಯ ಬಾಗಿಲು ತೆರೆಯುವುದು ಗಿರಾಕಿಗಳ ಪುಣ್ಯ. ಇಂಥವರು ಆಯುಷ್ಯದ ಬಹುಪಾಲನ್ನು ವೇಗದ ಚಿಂತನೆಯಲ್ಲೇ ಸವೆಸಿದ್ದಾರೆ. ಅದೂ ತಮ್ಮ ವೇಗವಲ್ಲ, ಭೂಮಿಯ ಮೇಲೆ ಎಂದೂ ಕಾಲಿಡದ ಕಾದಂಬರಿಯ ಕಾದಾಳುಗಳ ವೇಗ.

ಬೇಸಗೆಯಲ್ಲೂ ಕಳಚದ ಅವರ ಬೂದು ಕೋಟಿನ ಎಡಜೇಬು ಪುಸ್ತಕದ ಭಾರಕ್ಕೆ ಜೋತುಬಿದ್ದು, ದೂರದಿಂದ ಅವರೇ ಒಂದು ಕಡೆಗೆ ವಾಲಿದಂತೆ ಕಾಣುತ್ತಾರೆ. ಗಿರಾಕಿಯ ಮೂಗಿಗೆ ಪರೀಕ್ಷೆಯ ಚೌಕಟ್ಟು ಏರಿಸಿ "ಓದ್ತಾ ಇರಿ" ಎಂದವರು, ಆತ ಸಣ್ಣ ಅಕ್ಷರಗಳಿಗೆ ಇಳಿಯುವಷ್ಟರಲ್ಲಿ ಎದುರಿನ ಔಷಧಿ ಅಂಗಡಿಯವರ ಜೊತೆ ಬೀದಿಗಡ್ಡವಾಗಿ ವಾದಕ್ಕಿಳಿದಿರುತ್ತಾರೆ. ಉಳಿದದ್ದನ್ನು ಅಕ್ಕ ನೋಡಿಕೊಳ್ಳಬೇಕು.

ವಾದ ಇಷ್ಟೇ: ಯಾರ ಕಾದಂಬರಿಯ ವೀರ ಹೆಚ್ಚು ವೇಗದವನು? ಔಷಧಿ ಅಂಗಡಿಯವರ ಆರಾಧ್ಯ ವೀರ 'ಒಂಟಿಕತ್ತಿ'. ಶತ್ರುವಿನ ಬಾಣ ಅರ್ಧದಾರಿಗೆ ಬರುವುದರೊಳಗೆ ಆತ ನೀರು ಕುಡಿದು ಬಾಯಿ ಒರೆಸಿಕೊಂಡನೆಂದು ಲೇಖಕರು ಬರೆದಿದ್ದಾರೆ. ಭಾವನ 'ಕರಿಮುಸುಕು' ಇನ್ನೂ ಒಂದು ಕೈ ಮೇಲು: ಅವನು ಕೋಣೆಯಿಂದ ಹೊರಬಿದ್ದ ಮೇಲೂ ನೆರಳು ಗೋಡೆಯ ಮೇಲೆಯೇ ಉಳಿದಿತ್ತಂತೆ.

"ಅಂದ್ರೆ ಬೆಳಕಿಗಿಂತ ಮುಂದೆ ಹೋದ. ಲೆಕ್ಕ ಮುಗೀತು," ಎನ್ನುತ್ತಾರೆ ಭಾವ.

ಸಾಹಿತ್ಯದ ಮೇಷ್ಟರಾದ ನಾನು, ಅದು ಅತಿಶಯೋಕ್ತಿ ಎಂಬ ಅಲಂಕಾರವೆಂದು ಒಮ್ಮೆ ತಿಳಿಹೇಳಲು ಹೋದೆ. "ಅಲಂಕಾರ ನಿಮ್ಮ ಕ್ಲಾಸಿಗಿರಲಿ. ಬರೆದಿದ್ದಾರೋ ಇಲ್ವೋ, ಅಷ್ಟು ಹೇಳಿ," ಎಂದರು. ಎಲ್ಲ ಚರ್ಚೆಗೂ ಅವರದು ಇದೊಂದೇ ಬೀಗಮುದ್ರೆ.

ಅದೇ ಅವರಿಗೆ ಮುಳುವಾಯಿತು. ಒಂದು ದಿನ ಔಷಧಿ ಅಂಗಡಿಯವರು ತಣ್ಣಗೆ ಕೇಳಿದರು: "ಅಷ್ಟು ವೇಗದ ನಿಮ್ಮ ಕರಿಮುಸುಕು ತಾಯಿ ಸಾಯೋ ಹೊತ್ತಿಗೆ ಯಾಕೆ ತಡವಾಗಿ ಬಂದ?"

ಭಾವನ ಮುಖ ಇಳಿಯಿತು. "ಅವತ್ತು ಅವನ ಮನಸ್ಸು ಸರಿ ಇರಲಿಲ್ಲ."

"ಎಲ್ಲಿ ಬರೆದಿದ್ದಾರೆ ಅದನ್ನ?"

ಅಂದಿನಿಂದ ಮಾತು ನಿಂತಿತು. ಭಾವ ಆ ಅಂಗಡಿಯ ಮೆಟ್ಟಿಲು ತುಳಿಯುವುದನ್ನು ಬಿಟ್ಟದ್ದಷ್ಟೇ ಅಲ್ಲ, ಅಕ್ಕನೂ ತುಳಿಯಕೂಡದೆಂದು ಹಟ ಹಿಡಿದರು. ಉಬ್ಬಸದ ಅಕ್ಕ ತನ್ನ ಔಷಧಿಗಾಗಿ ಬಸ್ಸು ಹತ್ತಿ ಮತ್ತೊಂದು ಬಡಾವಣೆಗೆ ಹೋಗಬೇಕಾಯಿತು. "ಇಲ್ಲದವನೊಬ್ಬ ಇಲ್ಲದ ಕಡೆ ಓಡಿದ್ದಕ್ಕೆ ನಾನು ಬಸ್ಸಲ್ಲಿ ನಿಂತ್ಕೊಂಡು ಹೋಗ್ಬೇಕು," ಎಂದು ಅವಳು ಹೇಳಿದಾಗ, ಭಾವ ಪುಸ್ತಕದ ಪುಟ ಮಗುಚಿದರು. ನನಗೆ ಮೈ ಉರಿದುಹೋಯಿತು.

ನಾನು ಕನ್ನಡಕ ಬದಲಿಸಲು ಹೋಗಿದ್ದ ಮಧ್ಯಾಹ್ನ ಗಾಜು ಒರೆಸುತ್ತಿದ್ದ ಅಕ್ಕನಿಗೆ ಉಸಿರು ಕಟ್ಟಿತು. ಚೀಲದಲ್ಲಿದ್ದ ಇನ್ಹೇಲರ್ ಖಾಲಿ. ಪರೀಕ್ಷೆಯ ಮಸೂರಗಳ ಮಬ್ಬಿನಲ್ಲಿ ತಡವರಿಸುತ್ತ ನಾನು ಏಳುವಷ್ಟರಲ್ಲಿ ಭಾವ ಕೋಣೆಯಲ್ಲಿರಲಿಲ್ಲ. ಎದುರಂಗಡಿಯ ಗಾಜಿನಿಂದಲೇ ಅಕ್ಕನ ಅವಸ್ಥೆ ಕಂಡಿದ್ದ ಔಷಧಿಯವರೂ ಬೇಕಾದದ್ದನ್ನು ಹಿಡಿದು ಹೊರಟಿದ್ದರು. ಇಬ್ಬರೂ ನಡುಬೀದಿಯಲ್ಲಿ ಡಿಕ್ಕಿ ಹೊಡೆದುಕೊಂಡು ಒಟ್ಟಿಗೇ ಒಳಗೆ ಬಂದರು.

ಅಕ್ಕನ ಎದೆಯ ಏರಿಳಿತ ಹದಕ್ಕೆ ಬಂತು. ಭಾವ ಅವಳ ಬೆನ್ನು ಸವರುತ್ತಿದ್ದರು. ಔಷಧಿಯವರು, "ರಸ್ತೆಯ ಮುಕ್ಕಾಲು ಪಾಲು ನಾನೇ ದಾಟಿದ್ದೆ," ಎಂದರು.

"ಸುಳ್ಳು. ಚರಂಡಿ ಮುಚ್ಚಳ ನಿಮ್ಮ ಕಡೆ ಇದೆ, ನಾವು ಗುದ್ದಿಕೊಂಡದ್ದು ಅಲ್ಲೇ."

"ಕರಿಮುಸುಕು ಆಗಿದ್ರೆ ಇನ್ನೂ ಮನೆಯಲ್ಲೇ ಇರ್ತಿದ್ದ."

ಅಕ್ಕ ಕಣ್ಣು ತೆರೆದಳು. "ಇಬ್ಬರೂ ಹೊರಗೆ ಹೋಗಿ. ನಾನು ಉಸಿರಾಡಬೇಕು."

ಹೋದರು. ಹೊರಗೆ ವಾದ ಮುಂದುವರಿಯಿತು.

ಇಂಥವರದೊಂದು ಬಳಗವೇ ಲೋಕದಲ್ಲಿದೆ. ಪುಟ ತುಂಬಿಸುವ ಅವಸರದಲ್ಲಿ ಲೇಖಕ ಎಸೆದ ಸಾಲನ್ನು ಇವರು ಆತ ಕೊಟ್ಟ ಮಾತೆಂದೇ ಎತ್ತಿಕೊಳ್ಳುತ್ತಾರೆ, ಬರೆದವನು ಮರೆತ ಮೇಲೂ ಅದಕ್ಕೆ ಜಾಮೀನು ನಿಂತಿರುತ್ತಾರೆ. ಅವರೊಡನೆ ಪ್ರಯಾಣ ಕಷ್ಟ, ಸಂಸಾರ ಇನ್ನೂ ಕಷ್ಟ, ವಾದವಂತೂ ಅಸಾಧ್ಯ. ಆದರೆ ಎಲ್ಲವನ್ನೂ ಅಲಂಕಾರವೆಂದು ಬಲ್ಲ ನನ್ನಂಥವರಿಗಷ್ಟೇ ಕಥೆ ಹೇಳಬೇಕಾಗಿದ್ದರೆ, ಹೇಳುವವರು ಎಂದೋ ಬೇಸತ್ತು ಬಾಯಿ ಮುಚ್ಚಿಕೊಳ್ಳುತ್ತಿದ್ದರು.