ಮೂರು ಅಡಿ ಪೈಪು

ಗಾಡಿಯ ತಾಡಪಾಲಿನ ಹಗ್ಗವನ್ನು ಬಿಗಿದು ಕಟ್ಟಿದವನು ನಾನೇ. ಮಳೆಯ ಹನಿ ಒಳಗೆ ಬೀಳದಿರಲೆಂದು ಹಿಂಬದಿಯ ಪರದೆಯನ್ನು ಪೂರ್ತಿ ಇಳಿಸಿ, ಎರಡೂ ಅಂಚುಗಳನ್ನು ಕೊಂಡಿಗಳಿಗೆ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿದ್ದೆ. ಒಳಗಿನಿಂದ ಮೈಲಾರಪ್ಪನವರು, "ಇನ್ನಷ್ಟು ಬಿಗಿ ಮಾಡಪಾ, ಡೋಲು ನೆನೀತಾವು" ಎಂದಿದ್ದರು. ನಾನು ಇನ್ನಷ್ಟು ಬಿಗಿ ಮಾಡಿದೆ.

ಆಗ ನನಗೆ ಮೂವತ್ತರ ಆಸುಪಾಸು. ಹಳೆಯ ಪೆಟ್ರೋಲ್ ಪಿಕಪ್ ಗಾಡಿಯೊಂದೇ ನನ್ನ ಬದುಕಿನ ಆಧಾರವಾಗಿತ್ತು. ಉಳಿದ ದಿನಗಳಲ್ಲಿ ಹೆಂಚು, ಇಟ್ಟಿಗೆ, ತರಕಾರಿ ಹೇರುತ್ತಿದ್ದೆ. ಮದುವೆಯ ಕಾಲ ಬಂದರೆ ಮೈಲಾರಪ್ಪನವರ ಬ್ಯಾಂಡ್ ಮೇಳವನ್ನು ಊರಿಂದೂರಿಗೆ ಕರೆದೊಯ್ಯುತ್ತಿದ್ದೆ. ಅವರು ಅರವತ್ತು ದಾಟಿದವರು, ಮೇಳದ ಯಜಮಾನರು. ಕ್ಲಾರಿನೆಟ್ ನುಡಿಸುತ್ತಿದ್ದರು. ಒಂದು ಅಕ್ಷರವನ್ನೂ ಬರೆದಿಟ್ಟುಕೊಳ್ಳದೆ ನೂರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಅವರೊಡನೆ ಇನ್ನೂ ನಾಲ್ವರಿದ್ದರು. ಡೋಲಿನ ದುರುಗೇಶ ಅವರಲ್ಲಿ ಎಲ್ಲರಿಗಿಂತ ಮಾತುಗಾರ.

ಆ ವರ್ಷ ಗಾಡಿಯ ಎಂಜಿನ್ ಕೈಕೊಟ್ಟಿತು. ಆಯಿಲ್ ಕುಡಿಯುವುದು, ಹೊಗೆ ಉಗುಳುವುದು, ಏರಿನಲ್ಲಿ ನಿಂತುಬಿಡುವುದು. ವಜೀರ್ ಸಾಬರ ಗ್ಯಾರೇಜಿನಲ್ಲಿ ಇಪ್ಪತ್ತು ದಿನ ಅದು ಬಿಚ್ಚಿದ ಸ್ಥಿತಿಯಲ್ಲಿ ಬಿದ್ದಿತ್ತು. ಅವರು ಸವೆದ ಸಿಲಿಂಡರುಗಳಿಗೆ ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ಬೇರಿಂಗು ಹಾಕಿ ಎಂಜಿನ್ನನ್ನು ಮತ್ತೆ ಕೂರಿಸಿದರು. ಚಾಲೂ ಮಾಡಿದರೆ ಗಾಡಿ ಏದುಸಿರು ಬಿಡುತ್ತಿತ್ತು. ಸಾಬರು ಕೆಳಗೆ ತೂರಿ, ಹಳೆಯ ಸೈಲೆನ್ಸರನ್ನು ಸ್ಪ್ಯಾನರಿನಿಂದ ತಟ್ಟಿ ನೋಡಿದರು. ಒಳಗಿನಿಂದ ತುಕ್ಕು, ಮಸಿ ಉದುರಿದವು. "ಎದಿ ಹೊಸಾದು ಹಾಕೀವಿ, ಮೂಗು ಕಟ್ಟಿಕೊಂಡೈತಿ. ಉಸಿರು ಹೆಂಗ ಬಿಟ್ಟೀತು?" ಎಂದರು.

ಹಾಗಾಗಿ ಹಳೆಯದನ್ನು ಕಿತ್ತು ಅಗಲವಾದ ಪೈಪು, ದೊಡ್ಡ ಸೈಲೆನ್ಸರು ಹಾಕಿದೆವು. ಮತ್ತೆ ಚಾಲೂ ಮಾಡಿದಾಗ ಬಂದ ಸದ್ದು ದೊಡ್ಡ ಕೊಡದೊಳಗಿಂದ ಬಂದಂತೆ ಗಂಭೀರವಾಗಿತ್ತು. ಅದನ್ನು ಕೇಳುವುದಕ್ಕೆಂದೇ ನಾನು ಊರನ್ನು ಮೂರು ಸುತ್ತು ಹಾಕಿದೆ. ಮೊದಲು ಎರಡನೇ ಗೇರಿನಲ್ಲಿ ತೆವಳುತ್ತಿದ್ದ ದಿಬ್ಬವನ್ನು ಮೂರನೇ ಗೇರಿನಲ್ಲೇ ಹತ್ತಿತು. ಅಷ್ಟು ಹೆಮ್ಮೆ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮರುದಿನವೇ ದೂರದ ಹಳ್ಳಿಯೊಂದರಲ್ಲಿ ಮದುವೆಯಿತ್ತು. ಮೇಳದವರು ಹಿಂದೆ ಹತ್ತಿದರು. ಅಡುಗೆಯ ಚಂದ್ರವ್ವ ಅದೇ ಮದುವೆಗೆ ಹೊರಟಿದ್ದರಿಂದ ತನ್ನ ಸೌಟುಗಳ ಗಂಟಿನೊಡನೆ ಮುಂದೆ ನನ್ನ ಪಕ್ಕ ಕೂತಳು. ಹೋಗುವಾಗ ಬಿಸಿಲಿತ್ತು, ಹಿಂದಿನ ಪರದೆ ತೆರೆದಿತ್ತು. ಇಳಿದ ಮೇಲೆ ದುರುಗೇಶ ತಲೆನೋವೆಂದು ಹಣೆ ಒತ್ತಿಕೊಂಡ. ಖಾಲಿ ಹೊಟ್ಟೆಗೆ ಬಿಸಿಲು ತಾಗಿರಬೇಕೆಂದು ಹೇಳಿದೆ. ಅವನೂ ಒಪ್ಪಿದ.

ಮುಹೂರ್ತ ಮುಗಿದು, ಊಟವಾಗಿ, ನಾವು ಹೊರಟಾಗ ಮಧ್ಯಾಹ್ನ ಮೂರು ಗಂಟೆ. ಆಗಲೇ ಜಿಟಿಜಿಟಿ ಹನಿ ಶುರುವಾಗಿತ್ತು. ನಾನು ಹಗ್ಗ ಕಟ್ಟಿದ್ದು ಆಗ.

ಮರಳುವ ದಾರಿಯಲ್ಲಿ ಮೇಳದವರು ತಮಗಾಗಿ ನುಡಿಸಿಕೊಳ್ಳುವುದು ರೂಢಿ. ಅಂದೂ ಕ್ಲಾರಿನೆಟ್ಟಿನ ಸ್ವರ ಕೇಳಿತು, ಡೋಲು ಜೊತೆಗೂಡಿತು. ಎರಡು ಹಾಡಾದ ಮೇಲೆ ಕ್ಲಾರಿನೆಟ್ಟು ನಡುವೆಯೇ ನಿಂತಿತು. ಡೋಲು ಸ್ವಲ್ಪ ದೂರ ಒಂಟಿಯಾಗಿ ಬಂತು. ಆಮೇಲೆ ಅದೂ ನಿಂತಿತು.

"ತಮ್ಮಾ, ಹಿಂದ ಯಾಕೋ ಸದ್ದಾ ಇಲ್ಲಲ್ಲ" ಎಂದಳು ಚಂದ್ರವ್ವ.

ದಣಿದು ಮಲಗಿರಬೇಕು ಎಂದೆ. ನಾನು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟಿದ್ದೆ. ಇನ್ನೊಂದು ಮೈಲಿ ಕಳೆದಿರಬೇಕು. ತಿರುವಿನಲ್ಲಿ ಡೋಲು ಉರುಳಿ ಒಂದು ಬದಿಗೆ ಬಡಿಯಿತು. ಮುಂದಿನ ತಿರುವಿನಲ್ಲಿ ಮತ್ತೊಂದು ಬದಿಗೆ ಬಡಿಯಿತು. ಚಂದ್ರವ್ವ ನನ್ನ ತೋಳು ಹಿಡಿದಳು. ಡೋಲು ಉರುಳಿದರೂ ಹಿಡಿಯದಷ್ಟು ನಿದ್ದೆ ದುರುಗೇಶನಿಗೆ ಹೇಗೆ ಬಂತು ಎಂದು ಕೇಳಿದಳು. ಬ್ರೇಕು ಒತ್ತಿದೆ.

ಕೆಳಗಿಳಿದು ಹಿಂದಕ್ಕೆ ಓಡಿ ಕೂಗಿದೆ. ಉತ್ತರವಿಲ್ಲ. ಹಗ್ಗ ಬಿಚ್ಚಲು ಹೋದರೆ ನೆನೆದ ಗಂಟುಗಳು ಕಲ್ಲಾಗಿದ್ದವು. ಉಗುರು ಹಾಕಿ ಎಳೆದೆ, ಹಲ್ಲು ಹಾಕಿ ಎಳೆದೆ. ಒಳಗಿನಿಂದ ಯಾರೋ ನರಳಿದಂತಾಯಿತು, ಅದೂ ನಿಂತಿತು. ಚಂದ್ರವ್ವ ತನ್ನ ಗಂಟಿನಿಂದ ತರಕಾರಿ ಹೆಚ್ಚುವ ಚಾಕು ತಂದು ಹಗ್ಗವನ್ನು ಕೊಯ್ದಳು.

ಐವರೂ ಒಬ್ಬರ ಮೇಲೊಬ್ಬರು ಒರಗಿದ್ದರು. ಅಂಚಿನಲ್ಲಿದ್ದ ಇಬ್ಬರು ಗಾಳಿ ತಾಗಿದೊಡನೆ ಕಣ್ಣು ತೆರೆದು ವಾಂತಿ ಮಾಡಿಕೊಂಡರು. ದುರುಗೇಶ ಮತ್ತು ಇನ್ನೊಬ್ಬನ ಕೆನ್ನೆ ತಟ್ಟಿದರೆ ತುಟಿಯಷ್ಟೇ ಅಲುಗಿತು. ಮೈಲಾರಪ್ಪನವರು ಎಲ್ಲರಿಗಿಂತ ಒಳಗೆ, ಕ್ಯಾಬಿನ್ನಿನ ಗೋಡೆಗೆ ಒರಗಿ ಕೂತಿದ್ದರು. ಕ್ಲಾರಿನೆಟ್ಟು ತೊಡೆಯ ಮೇಲಿತ್ತು. ಎಷ್ಟು ಅಲುಗಿಸಿದರೂ ಅವರು ಏಳಲಿಲ್ಲ. ಅವರ ಕಾಲ ಬಳಿ ನೆಲದ ಹಲಗೆಯೊಂದು ಬಹಳ ದಿನಗಳ ಹಿಂದೆಯೇ ಸೀಳು ಬಿಟ್ಟಿತ್ತು. ಎಂಜಿನ್ ಇನ್ನೂ ಓಡುತ್ತಿತ್ತು. ಆ ಸೀಳಿನಿಂದ ತೆಳುವಾದ, ಕಣ್ಣಿಗೆ ಬಿದ್ದೂ ಬೀಳದಂಥ ನೀಲಿ ಹೊಗೆ ಮೇಲೇಳುತ್ತಿತ್ತು. ಅದನ್ನು ನಾನು ಕಂಡೆ. ಕಂಡಿರಲಿಲ್ಲ ಎಂದು ಈಗ ಹೇಳಲಾರೆ.

ತಾಡಪಾಲನ್ನು ಪೂರ್ತಿ ಕಿತ್ತೆಸೆದೆ. ಚಂದ್ರವ್ವ ಹಿಂದೆ ಹತ್ತಿ, ಮೈಲಾರಪ್ಪನವರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಮಳೆಯಲ್ಲೇ ಕೂತಳು. ನಮ್ಮ ಊರಿನ ಆಸ್ಪತ್ರೆ ನಾಲ್ಕು ಮೈಲಿ ದೂರದಲ್ಲಿತ್ತು. ಹೇಗೆ ಓಡಿಸಿದೆನೋ ನೆನಪಿಲ್ಲ. ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಬಾಯಿ ತೆರೆದು ಅಳತೊಡಗಿದರೆ ಎಲ್ಲ ಮುಗಿಯಿತೆಂದು ತಿಳಿಯಬೇಕು. ಅವಳು ಅಳಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಎಲ್ಲರ ಕಣ್ಣು, ನಾಡಿ ನೋಡಿ, ಏನು ತಿಂದಿದ್ದರೆಂದು ನನ್ನನ್ನು ಕೇಳಿದರು.

"ಮದುವಿ ಊಟ" ಎಂದೆ.

ಅದು ಸುಳ್ಳಲ್ಲ. ಅದಕ್ಕೇ ಅದು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂತು. ಅವರು ಊಟದಲ್ಲಿ ವಿಷ ಬೆರೆತಿದೆಯೆಂದು ಬಗೆದು ಐವರಿಗೂ ಸಲೈನ್ ಹಚ್ಚಿಸಿದರು. ನಾನು ಗೋಡೆಗೆ ಒರಗಿ ನಿಂತೆ. ಸುದ್ದಿ ಹಬ್ಬಿ ಮೇಳದವರ ಮನೆಯವರು ಬಂದರು. ಹೆಂಗಸರು ಬಾಗಿಲಲ್ಲೇ ಕುಸಿದು ಕೂತರು. ಹೆದರಿಕೆಯೆಂದರೆ ಏನೆಂದು ಆ ಅರ್ಧ ತಾಸಿನಲ್ಲಿ ನನಗೆ ತಿಳಿಯಿತು. ಮೊದಲು ಅವರು ಸಾಯುತ್ತಾರೆಂಬ ಹೆದರಿಕೆ. ಅದರ ಬೆನ್ನಿಗೇ ಕೊಂದವನು ನಾನೆಂದು ಗೊತ್ತಾಗುತ್ತದೆಂಬ ಹೆದರಿಕೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಾಗಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಇಂದಿಗೂ ನಾಚಿಕೆ.

ವಜೀರ್ ಸಾಬರು ಅಂದದ್ದನ್ನು ನಾನು ಇಲ್ಲಿಯವರೆಗೆ ಹೇಳಿಲ್ಲ. ಹೊಸ ಪೈಪು ಅಳತೆಗೆ ಸಾಲದೆ ಹಿಂಚಕ್ರದ ಮುಂದೆಯೇ, ಹಲಗೆಗಳ ಕೆಳಗೇ ಮುಗಿದಿತ್ತು. ಗಾಡಿಯ ಹಿಂಭಾಗವನ್ನು ದಾಟಬೇಕಾದರೆ ಇನ್ನೂ ಮೂರು ಅಡಿ ಬೇಕಿತ್ತು. ಆ ತುಂಡು ಸೋಮವಾರ ಬರುತ್ತದೆ, ಅಲ್ಲಿಯವರೆಗೆ ಹಿಂದೆ ಜನರನ್ನು ಕೂರಿಸಬೇಡ, ಕೂರಿಸಿದರೂ ತಾಡಪಾಲು ಮುಚ್ಚಬೇಡ, ಈ ಹೊಗೆಗೆ ವಾಸನೆ ಕಡಿಮೆ, ಜೀವಕ್ಕೆ ಕೆಟ್ಟದ್ದು ಎಂದು ಅವರು ಎರಡು ಸಲ ಹೇಳಿದ್ದರು. ಹೂಂ ಎಂದಿದ್ದೆ. ಮದುವೆ ಇದ್ದದ್ದು ಭಾನುವಾರ.

ಅಷ್ಟರಲ್ಲಿ ದುರುಗೇಶನ ಅಣ್ಣ ಚಂದ್ರವ್ವನನ್ನು ಅಡ್ಡಗಟ್ಟಿದ. ಅಡುಗೆಗೆ ಏನು ಹಾಕಿದೆ, ಹಳಸಿದ್ದನ್ನು ಬಡಿಸಿದೆಯಾ ಎಂದು ಅವಳ ಸೌಟಿನ ಗಂಟನ್ನು ಕಿತ್ತು ಎಸೆದ. ಪೊಲೀಸರನ್ನು ಕರೆಯಲು ಯಾರೋ ಹೊರಟರು. ಅವಳ ಸೀರೆಯಿಂದ ಇನ್ನೂ ಮಳೆನೀರು ಇಳಿಯುತ್ತಿತ್ತು. ಅವಳು ನೇರವಾಗಿ ನನ್ನ ಮುಂದೆ ಬಂದು ನಿಂತಳು.

"ನಾನೂ ಅದನ್ನ ಉಂಡೀನಿ, ನೀನೂ ಅದನ್ನ ಉಂಡೀದಿ. ನಮಗ್ಯಾಕ ಏನೂ ಆಗಿಲ್ಲ ತಮ್ಮಾ?"

ಅವಳ ದನಿಯಲ್ಲಿ ಆರೋಪವಿರಲಿಲ್ಲ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ತನ್ನ ಕೈಯ ಮೇಲೆಯೇ ಅವಳಿಗೆ ಅನುಮಾನ ಹುಟ್ಟಿತ್ತು. ಅದನ್ನು ನೋಡಲಾಗಲಿಲ್ಲ ನನಗೆ.

"ಊಟ ಅಲ್ಲ, ಹೊಗಿ" ಎಂದೆ. "ನನ್ನ ಗಾಡಿ ಹೊಗಿ. ನನಗ ಗೊತ್ತಿತ್ತು."

ಡಾಕ್ಟರಮ್ಮ ತಿರುಗಿ ನನ್ನನ್ನು ನೋಡಿದ ನೋಟವನ್ನು ನಾನು ಸಾಯುವತನಕ ಮರೆಯಲಾರೆ. ಆದರೆ ಅವರು ಬಯ್ಯುತ್ತ ನಿಲ್ಲಲಿಲ್ಲ. ಆಮ್ಲಜನಕದ ಸಿಲಿಂಡರು ತರಲು ಕೂಗಿದರು. ಆಸ್ಪತ್ರೆಯಲ್ಲಿದ್ದದ್ದು ಎರಡೇ. ಒಂದನ್ನು ಮೈಲಾರಪ್ಪನವರಿಗೆ ಹಚ್ಚಿ, ಇನ್ನೊಂದನ್ನು ಉಳಿದವರಿಗೆ ಸರದಿಯ ಮೇಲೆ ಹಿಡಿದರು. ಪಕ್ಕದ ಊರಿನಿಂದ ಮತ್ತೆರಡು ಬರುವತನಕ ಪ್ರತಿಯೊಬ್ಬರ ಎದೆ ಏರಿಳಿಯುವುದನ್ನು ನಾನು ಎಣಿಸುತ್ತಿದ್ದೆ. ದುರುಗೇಶನ ಅಣ್ಣ ನನ್ನ ಕೆನ್ನೆಗೆ ಎರಡು ಬಾರಿಸಿದ. ಯಾರೂ ಬಿಡಿಸಲಿಲ್ಲ, ನಾನೂ ಕೈ ಅಡ್ಡ ಹಿಡಿಯಲಿಲ್ಲ. ಚಂದ್ರವ್ವ ಚೆಲ್ಲಾಪಿಲ್ಲಿಯಾದ ಸೌಟುಗಳನ್ನು ಒಂದೊಂದಾಗಿ ಆರಿಸಿಕೊಳ್ಳುತ್ತಿದ್ದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಲ್ವರು ಎದ್ದು ಕೂತರು. ಮೈಲಾರಪ್ಪನವರು ಕಣ್ಣು ತೆರೆದದ್ದು ಮರುದಿನ ಬೆಳಗ್ಗೆ.

ಆ ಸೋಮವಾರವೇ ಗಾಡಿಯನ್ನು ಗ್ಯಾರೇಜಿಗೆ ಒಯ್ದೆ. ಸಾಬರಿಗೆ ಸುದ್ದಿ ಮುಟ್ಟಿತ್ತು. ಅವರು ಪೈಪಿನ ತುಂಡನ್ನು ಬೆಸೆದು ಮುಗಿಸಿದರು. ಕೊನೆಗೆ ಕನ್ನಡಕ ತೆಗೆದು, ತಾವು ಮೂರನೆಯ ಸಲವೂ ಹೇಳಬೇಕಾಗಿತ್ತೇನೋ ಎಂದರು. ಅವರ ಕಣ್ಣುಗಳು ಕೆಂಪಾಗಿದ್ದವು.

ಹತ್ತು ದಿನದ ಮೇಲೆ ಮೈಲಾರಪ್ಪನವರ ಮನೆಗೆ ಹೋದೆ. ಪೈಪಿನ ವಿಷಯ, ಸಾಬರ ಮಾತು, ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತದ್ದು, ಎಲ್ಲವನ್ನೂ ಹೇಳಿದೆ. ಅವರು ಎಷ್ಟು ಹೊತ್ತು ಸುಮ್ಮನಿದ್ದೆ ಎಂದು ಕೇಳಿದರು. ಅರ್ಧ ತಾಸು ಎಂದೆ. ಅವರು ನನಗೆ ಚಹಾ ಕೊಡುವಂತೆ ಹೆಂಡತಿಗೆ ಹೇಳಿದರು. ನಾನು ಏಳುವಾಗ ಅಂದರು:

"ಸಿಟ್ಟಿಲ್ಲಪಾ. ಆದ್ರ ನಿನ್ನ ಗಾಡಿ ಹತ್ತೂದು ಇನ್ನ ನನ್ನ ಕೈಲಿ ಆಗಂಗಿಲ್ಲ. ಹೆದ್ರಿಕಿ ಬರ್ತೈತಿ."

ಮುಂದಿನ ಮದುವೆಯಲ್ಲಿ ಅವರು ನುಡಿಸುವುದನ್ನು ಕೇಳಿದೆ. ನೂರಾರು ಸಲ ನುಡಿಸಿದ ಹಾಡೊಂದರ ಎರಡನೆಯ ಸಾಲಿಗೆ ಬಂದು ಅವರು ನಿಂತುಬಿಟ್ಟರು. ಬೆರಳುಗಳು ತೂತುಗಳ ಮೇಲೆ ಹುಡುಕಾಡಿದವು. ದುರುಗೇಶ ಡೋಲಿನ ಪೆಟ್ಟು ಜೋರು ಮಾಡಿ, ಕೇಳುವವರಿಗೆ ತಿಳಿಯದಂತೆ ಆ ಬಿಡುವನ್ನು ತುಂಬಿದ. ಆಮೇಲೆ ಅಂಥದು ಆಗಾಗ ಆಯಿತು. ಡಾಕ್ಟರಮ್ಮನನ್ನು ಹೋಗಿ ಕೇಳಿದೆ. ಅದು ಹೊಗೆಯಿಂದಲೋ, ವಯಸ್ಸಿನಿಂದಲೋ, ಆ ಅರ್ಧ ತಾಸಿನಿಂದಲೋ ಯಾರೂ ಹೇಳಲಾರರು ಎಂದರು.

ಮೇಳದ ಹುಡುಗರು ಕೆಲವು ತಿಂಗಳ ಮೇಲೆ ಮತ್ತೆ ನನ್ನ ಗಾಡಿ ಹತ್ತಿದರು. ಮೈಲಾರಪ್ಪನವರು ಮಾತ್ರ ಪ್ರತಿ ಮದುವೆಗೂ ಬಸ್ಸಿನಲ್ಲೇ ಹೋದರು. ಒಮ್ಮೆ ಸುರಿಯುವ ಮಳೆಯಲ್ಲಿ ಅವರ ಬಸ್ಸು ನನ್ನ ಗಾಡಿಯನ್ನು ಹಿಂದೆ ಹಾಕಿ ಹೋಯಿತು. ಉಳಿದ ಕಿಟಕಿಗಳೆಲ್ಲ ಮುಚ್ಚಿದ್ದವು. ಒಂದೇ ಒಂದು ತೆರೆದಿತ್ತು. ಅದರಲ್ಲಿ ಅವರು ಎದೆಗೆ ವಾದ್ಯದ ಚೀಲವನ್ನು ಅಪ್ಪಿಕೊಂಡು, ತೋಯ್ದ ಮುಖವನ್ನು ಗಾಳಿಗೆ ಒಡ್ಡಿ, ಕಣ್ಣು ಮುಚ್ಚಿ ಕೂತಿದ್ದರು.