ಈಶಾನ್ಯ ಮೂಲೆಯ ತಂಬಿಗೆ

ಕರಿಯವ್ವ ಬೆಳಗ್ಗೆ ಎದ್ದವಳೇ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಒಂದು ಕೊಡ ನೀರು ಸುರಿಯುತ್ತಿದ್ದಳು. ಚಹಾ ಆಮೇಲೆ. ಹುಟ್ಟಿ ಬೆಳೆದದ್ದು ಕೊರ್ಲಹಳ್ಳಿಯಲ್ಲಿ, ಹೊಳೆಯ ದಂಡೆಯ ಮೇಲೆ. ನೀರಿನ ಸಪ್ಪಳವಾಗದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಮಗ ಹುಲಿಗೇಶ ಮುಂಡರಗಿ ಪೇಟೆಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಅವನ ಅಂಗಿಗೆ ಮೆತ್ತಿದ ಎಣ್ಣೆ ತನ್ನ ಕೈಗಲ್ಲದೆ ಹೋಗುವುದಿಲ್ಲ ಎಂದು, ಸೊಸೆ ನೇತ್ರಾಳಿಂದ ಅಂಗಿಯನ್ನು ಕಸಿದುಕೊಂಡು ತಾನೇ ಕುಕ್ಕಿ ಕುಕ್ಕಿ ಒಗೆಯುತ್ತಿದ್ದಳು.

ಆ ಕಲ್ಲಿನ ಹಿಂದೆ, ಮನೆಯ ಈಶಾನ್ಯ ಮೂಲೆಯಲ್ಲಿ, ಗೋಡೆ ಸೀಳಿತ್ತು. ಮನೆ ಹೊಕ್ಕ ವರ್ಷ ಕೂದಲೆಳೆಯಂತೆ ಕಾಣಿಸಿಕೊಂಡದ್ದು ಮರುಬೇಸಿಗೆಗೆ ಬೆರಳು ತೂರುವಷ್ಟಾಯಿತು. ಕಿಟಕಿ ಮುಚ್ಚುತ್ತಿರಲಿಲ್ಲ. ಅಡುಗೆಕಟ್ಟೆ ವಾಲಿ ಸಾರಿನ ಪಾತ್ರೆ ತಾನಾಗಿ ಜಾರುತ್ತಿತ್ತು. ಮನೆ ಕಟ್ಟಿಕೊಟ್ಟ ಗದಗಿನ ಗುತ್ತಿಗೆದಾರ ನಿಜಲಿಂಗಪ್ಪ ಫೋನು ಎತ್ತುವುದನ್ನು ಬಿಟ್ಟ. ಜಾಗ ನೇತ್ರಾಳ ಹೆಸರಿನಲ್ಲಿತ್ತು. ಅವಳೇ ಗದಗಿಗೆ ಹೋಗಿ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟು ಬಂದಳು.

ನೋಟಿಸು ಮುಟ್ಟಿದ್ದೇ ತಡ, ನಿಜಲಿಂಗಪ್ಪ ತಾನಾಗಿ ಬಂದ.

"ಬರ್ರಿ ಸಾವ್ಕಾರ್ರ, ಕುಂಡ್ರಿ," ಎಂದು ಕರಿಯವ್ವ ಚುರಮುರಿ ಕಲಸಿ ಕೊಟ್ಟಳು, ಚಹಾ ಕೊಟ್ಟಳು. ಬಂದವನು ಜಗಳಕ್ಕೆ ಬಂದಿದ್ದಾನೆ ಎಂದು ಉಪವಾಸ ಕಳಿಸುವ ಮನೆಯಲ್ಲ ಅದು. ಅವನು ಸಮಾಧಾನವಾಗಿ ತಿಂದ. ಕಪ್ಪು ಹಿಡಿದುಕೊಂಡೇ ಹಿತ್ತಲಿಗೆ ನಡೆದು, ಸೀಳನ್ನು ನೋಡಿದ, ಕಲ್ಲನ್ನು ನೋಡಿದ.

"ಯವ್ವಾ, ಕಲ್ಲ ಭಾಳ ಸ್ವಚ್ಛ ಇಟ್ಟೀರಿ. ದಿನಾ ಒಗೀತೀರೇನು?"

"ದಿನಾನ ಒಗೀಬೇಕಲ್ಲಪ್ಪ. ನೀರ ಕಮ್ಮಿ ಮಾಡಿದ್ರ ಅರಿವಿ ನಾರತಾವ."

"ಒಗದ ನೀರ ಎತ್ತಾಗ ಹೊಕ್ಕೈತಿ?"

"ಎತ್ತಾಗೂ ಹೋಗಂಗಿಲ್ಲ, ಇಲ್ಲೇ ಹೀರ್ಕೊಂತೈತಿ. ನಮ್ಮ ಭೂಮಿ ಛಲೋ ಐತಿ," ಎಂದು ಕರಿಯವ್ವ ನಕ್ಕಳು.

ನಿಜಲಿಂಗಪ್ಪ ಹುಲಿಗೇಶನ ಕಡೆ ತಿರುಗಿದ. "ಕೇಳಿದೇನಪ? ನಾ ಅಲ್ಲ, ನಿಮ್ಮವ್ವನ ಹೇಳಿದ್ಲು. ಎರಿ ಭೂಮಿ ಇದು. ನೀರ ಕುಡದ್ರ ಉಬ್ಬತೈತಿ, ಒಣಗಿದ್ರ ಕುಗ್ಗತೈತಿ. ನಾ ಪಾಯಾ ಆಳುದ್ದ ತಗಸಿ, ಗಟ್ಟಿ ಗರಸಿನ ಮ್ಯಾಲ ಗೋಡಿ ನಿಲ್ಲಿಸೇನಿ. ಬುಡದಾಗ ದಿನಾ ಹೊಳಿ ಹರಿಸಿದ್ರ ಕ್ವಾಟಿನೂ ನಿಲ್ಲಂಗಿಲ್ಲ."

"ಹಂಗಾರ ಮಳಿ ಬಂದ್ರ ಮುಗಿಲಿಗೂ ಒಂದು ನೋಟಿಸ ಕೊಡೂಣೇನ್ರಿ?" ಎಂದಳು ನೇತ್ರಾ.

ಅವನಿಗೆ ಸಿಟ್ಟು ಬರಲಿಲ್ಲ. ಖಾಲಿ ಕಪ್ಪನ್ನು ಕಲ್ಲಿನ ಮೇಲಿಟ್ಟ. "ತಂಗೀ, ಈ ಮಾತು ನಾಳೆ ಆಯೋಗದಾಗ ನಿಮ್ಮತ್ತಿ ಬಾಯಿಂದನ ಬರತೈತಿ. ವಯಸ್ಸಾದಾಕಿನ್ನ ನಾಕ ಮಂದಿ ಮುಂದ ನಿಲ್ಲಿಸೂದು ನನಗ ಸೇರೂದಿಲ್ಲ. ನೀರಿಂದ ಆತು ಅಂತ ಒಪ್ಕೋರಿ, ಸೀಳಿಗೆ ಸಿಮೆಂಟ ತುಂಬಿ ಬಣ್ಣ ಹಚ್ಚಿ ಕೊಡ್ತೀನಿ. ಬಿಟ್ಟಿ."

ನೇತ್ರಾ ಒಪ್ಪಲಿಲ್ಲ. ಆದರೆ ಮಾತು ಹುಲಿಗೇಶನ ಒಳಗೆ ಕೂತುಬಿಟ್ಟಿತು. ಅವನ ಅಂಗಡಿಗೆ ಬರುವ ಮೋಟಾರುಗಳು ಬಹುಪಾಲು ನೀರು ಹೊಕ್ಕೇ ಸುಟ್ಟಿರುತ್ತಿದ್ದವು. ನೀರು ಎಂಥದ್ದನ್ನೂ ಕೆಡಿಸುತ್ತದೆ ಎಂಬುದು ಅವನು ಕೈಯಾರೆ ಕಂಡ ಸತ್ಯ. ಅದಕ್ಕಿಂತ ಹೆಚ್ಚಿಗೆ, ನಿಜಲಿಂಗಪ್ಪನನ್ನು ಬೈಯಬೇಕಾದರೆ ಗದಗಿಗೆ ಹೋಗಬೇಕಿತ್ತು, ವಕೀಲರನ್ನು ಕೇಳಬೇಕಿತ್ತು. ಅವ್ವ ಕೈಗೆ ಸಿಗುವಲ್ಲಿದ್ದಳು.

"ಹೊಳೀ ದಂಡ್ಯಾಗ ಹುಟ್ಟಿದಾಕಿ ನೀ, ನೀರಿನ ಬೆಲಿ ಏನ ಗೊತ್ತೈತಿ ನಿನಗ? ಹೋಗಿ ಹೋಗಿ ವೈರಿ ಕೈಯಾಗ ಕೋಲು ಕೊಟ್ಟಿ!" ಎಂದು ಒಂದು ಸಂಜೆ ಚೀರಿದ.

"ಅಂವ ಕೇಳಿದ, ಇದ್ದದ್ದ ಹೇಳಿದೆಪ."

"ಮನಿ ತಿಂದಿ ಬೇ ನೀ. ನಿಂತ ಮನಿ ತಿಂದಿ."

ಕಲ್ಲನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ಕಂಪೌಂಡಿನ ಆಚೆ ಉರುಳಿಸಿದ. ಹಿತ್ತಲ ನಳದ ತಿರುಪನ್ನು ಬಿಚ್ಚಿ ಅಂಗಡಿಗೆ ಒಯ್ದ. ನೇತ್ರಾ ಅಡ್ಡ ಬಂದದ್ದಕ್ಕೆ, "ಅತ್ತಿ ಸೊಸಿ ಕೂಡೇ ಹೊಳೀಗ ಹೋಗ್ರಿ," ಎಂದ.

ಕರಿಯವ್ವ ಎದುರಾಡಲಿಲ್ಲ. ಅಂದಿನಿಂದ ಕೈ ತೊಳೆದ ನೀರನ್ನೂ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹಿಡಿದು ಬೀದಿಯ ಗಟಾರಿಗೆ ಹೊತ್ತು ಹಾಕತೊಡಗಿದಳು. ಮೈ ತೊಳೆಯುವುದನ್ನು ಬಿಟ್ಟು ಒದ್ದೆ ಅರಿವೆಯಿಂದ ಒರೆಸಿಕೊಂಡಳು. ಪದೇ ಪದೇ ಬಚ್ಚಲಿಗೆ ಹೋಗಬೇಕಾಗುತ್ತದೆ ಎಂದು ಕುಡಿಯುವುದನ್ನೂ ಕಡಿಮೆ ಮಾಡಿದಳು. ತುಟಿಗಳು ಒಡೆದವು, ಉರಿಮೂತ್ರ ಹಿಡಿಯಿತು. ಓಣಿಯ ಹೆಂಗಸರು ನಗುತ್ತ, "ಗೋಡಿ ಕೆಡವಿದಾಕಿ ಬಂದ್ಲು, ನಮ್ಮ ಮನಿ ಹಂತ್ಯಾಕ ಬರಬ್ಯಾಡವ್ವ," ಎಂದರೆ ತಾನೂ ನಕ್ಕು ದೂರ ನಿಲ್ಲುತ್ತಿದ್ದಳು. ಒಮ್ಮೆ ಮೊಮ್ಮಗಳ ಕೈಯಿಂದ ಲೋಟ ಬಿದ್ದು ನೀರು ಚೆಲ್ಲಿದಾಗ, ಮಂಡಿಯೂರಿ ಸೆರಗಿನಿಂದ ಹೀರಿಸಿ ಹೀರಿಸಿ ನೆಲ ಒಣಗಿಸಿದಳು. ಹುಲಿಗೇಶ ನೋಡಿದ. ಊಟ ಮುಗಿಸಿ ಎದ್ದ.

ಆಯೋಗ ನೇಮಿಸಿದ ಎಂಜಿನಿಯರು ಕಾಂಚನಾ ಎಂಬ ಹೆಣ್ಣುಮಗಳು. ನಿಜಲಿಂಗಪ್ಪನನ್ನೂ ಕರೆಸಿ, ಸೀಳಿದ ಮೂಲೆಯಲ್ಲೇ ಗೋಡೆಗೆ ಅಂಟಿಕೊಂಡಂತೆ ಗುಂಡಿ ತೋಡಲು ಹೇಳಿದಳು. ಅಯ್ಯೂಬ ಎಂಬ ಕೂಲಿಯವನು ಗುದ್ದಲಿ ಹಿಡಿದು ಇಳಿದ. ಮೊಳಕಾಲುದ್ದ ಹೋಗುವುದರೊಳಗೆ ಬುನಾದಿಯ ಕಲ್ಲು ಮುಗಿಯಿತು. ಅದರ ಕೆಳಗೆ ಗಟ್ಟಿ ಗರಸುಮಣ್ಣು ಇರಲಿಲ್ಲ. ಕಪ್ಪು ಎರೆಮಣ್ಣೇ ಇತ್ತು. ಕೆಳಗಿನ ಕಲ್ಲಿನ ಅಡಿ ಕೈ ಹಾಕಿದ ಅಯ್ಯೂಬ ಹಸಿರುಗಟ್ಟಿದ ಒಂದು ತಾಮ್ರದ ತಂಬಿಗೆಯನ್ನು ಹೊರಗೆ ತೆಗೆದ. ಕಂಠಕ್ಕೆ ಕೊಳೆತ ಅರಿಷಿಣದ ದಾರ ಅಂಟಿಕೊಂಡಿತ್ತು.

ಮನೆಯವರೆಲ್ಲರಿಗೂ ಗುರುತು ಹತ್ತಿತು. ಪಾಯಾದ ಪೂಜೆಯ ದಿನ ಕರಿಯವ್ವ ಕೊರ್ಲಹಳ್ಳಿಯ ಹೊಳೆ ನೀರು ತುಂಬಿ, ಮೊಳಕಾಲುದ್ದದ ಪೂಜೆಯ ಗುಂಡಿಯಲ್ಲಿ ತಾನೇ ಇಟ್ಟ ತಂಬಿಗೆ. ಆಮೇಲೆ ಪೂರ್ತಿ ಆಳ ತೋಡುವಾಗ ಅದನ್ನು ಎತ್ತಿ, ಮನೆಯ ಹೆಂಗಸನ್ನು ಕರೆಸಿ, ಕೆಳಗೆ ಗರಸಿನ ಮೇಲೆ ಮತ್ತೆ ಇಡಿಸಬೇಕು. ಈ ಕಡೆ ಮನೆ ಕಟ್ಟಿದವರಿಗೆಲ್ಲ ಅದು ಗೊತ್ತು. ತಂಬಿಗೆ ಇಟ್ಟಲ್ಲೇ ಇತ್ತು. ಅದರ ಮೇಲೆಯೇ ಮನೆ ಎದ್ದಿತ್ತು.

ನಿಜಲಿಂಗಪ್ಪ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡ. "ಮ್ಯಾಡಮ್ಮಾರ, ಇದೊಂದ ಮೂಲಿ ಹಿಂಗ. ತಂಬಿಗಿ ಮುಟ್ಟಬ್ಯಾಡ್ರಿ, ಮನಿಗೆ ಕೇಡು ಅಂತ ಈ ಯವ್ವನ ಹಟ ಹಿಡದ್ಲು. ದೇವರ ಕಾರ್ಯ, ನಾ ಏನ ಮಾಡ್ಲಿ? ಆಕಿನ್ನ ಕೇಳ್ರಿ."

ಕಾಂಚನಾ ತಿರುಗಿದಳು. "ಹೌದೇನವ್ವಾ? ನೀವ ಹಂಗ ಅಂದಿದ್ರೇನು?"

ಬಾಗಿಲ ಮರೆಯಲ್ಲಿ ನಿಂತಿದ್ದ ಕರಿಯವ್ವ ಮೊದಲು ನಿಜಲಿಂಗಪ್ಪನನ್ನು ನೋಡಿದಳು, ಆಮೇಲೆ ಮಗನನ್ನು. "ಹೌದ್ರಿ. ಅಂದಿರಬೇಕ್ರಿ."

ಕಾಂಚನಾ ಬರೆದುಕೊಳ್ಳತೊಡಗಿದಳು.

ಹುಲಿಗೇಶನಿಗೆ ಆ ದಿನ ನೆನಪಿತ್ತು. ಪೂಜೆ ಮುಗಿದ ಮಧ್ಯಾಹ್ನವೇ, ಹಾಸಿಗೆ ಹಿಡಿದ ತನ್ನ ತಂಗಿಯನ್ನು ನೋಡಿಕೊಳ್ಳಲು ಅವ್ವ ಕೊರ್ಲಹಳ್ಳಿಗೆ ಹೋಗಿದ್ದಳು. ಬಸ್ಸು ಹತ್ತಿಸಿದವನು ಅವನೇ. ಗೋಡೆ ಕಿಟಕಿಯ ಮಟ್ಟಕ್ಕೆ ಬಂದ ಮೇಲೆ ಕರೆತಂದವನೂ ಅವನೇ. ಮಾಡದ್ದನ್ನು ಮಾಡಿದೆ ಎನ್ನುವ ಹೆಂಗಸಾಗಿರಲಿಲ್ಲ ಅವಳು. ಕಲ್ಲು ಉರುಳಿಸಿದ ಸಂಜೆಯವರೆಗೂ ಆಗಿರಲಿಲ್ಲ.

"ಬರದದ್ದನ್ನ ಹೊಡದ ಹಾಕ್ರಿ ಮ್ಯಾಡಮ್ಮಾರ," ಎಂದ. "ಪಾಯಾ ತೋಡುಮುಂದ ಆಕಿ ಊರಾಗ ಇರಲಿಲ್ಲ. ಗ್ವಾಡಿ ಏಳೂಮಟ ಕೊರ್ಲಹಳ್ಳ್ಯಾಗ ಇದ್ಲು. ಆಣಿ ಮಾಡಿ ಹೇಳ್ತೀನಿ."

"ಮತ್ತ ಯಾಕ ಹೌದು ಅಂದ್ರಿ ಯವ್ವಾ?" ಎಂದಳು ಕಾಂಚನಾ.

ಕರಿಯವ್ವ ಸೆರಗಿನ ತುದಿ ಹಿಂಡಿದಳು. "ಎಲ್ಲಾರೂ ನಾನ ಮಾಡೇನಿ ಅಂತಾರ್ರಿ. ನನ್ನ ಮಗಾನೂ ಅಂತಾನ. ಇಷ್ಟ ಮಂದಿ ಸುಳ್ಳ ಹೇಳ್ತಾರೇನ್ರಿ?"

ನೇತ್ರಾ ಮುಖ ತಿರುಗಿಸಿದಳು. ಕಾಂಚನಾ ಬರೆದ ಸಾಲಿಗೆ ಗೆರೆ ಎಳೆದು, "ಅಯ್ಯೂಬ, ಆ ಕಡೀ ಮೂಲಿನೂ ಅಗೀಪ," ಎಂದಳು. ಅಲ್ಲಿಯೂ ಅಷ್ಟೇ ಆಳ, ಅದೇ ಎರೆ. "ಪಾಯಾ ಆಳುದ್ದ ಅಂತ ಆಯೋಗಕ್ಕ ಬರದ ಕೊಟ್ಟಿದ್ರೆಲ್ರಿ. ಯಾವ ಆಳು?" ಎಂದು ಕೇಳಿದಾಗ ನಿಜಲಿಂಗಪ್ಪ ಫೋನು ಕಿವಿಗೆ ಹಚ್ಚಿಕೊಂಡು ಗೇಟಿನ ಕಡೆ ನಡೆದಿದ್ದ.

ಕಾಂಚನಾ, ನಿಜಲಿಂಗಪ್ಪ ಇಬ್ಬರೂ ಹೋದ ಮೇಲೆ ಹುಲಿಗೇಶ ಅಂಗಡಿಗೆ ಹೋಗಿ ನಳದ ತಿರುಪು ತಂದ. ಕಂಪೌಂಡಿನ ಆಚೆ ಮಣ್ಣು ಹಿಡಿದಿದ್ದ ಕಲ್ಲನ್ನು, ಗುಂಡಿ ಮುಚ್ಚಲು ಉಳಿದಿದ್ದ ಅಯ್ಯೂಬನೊಂದಿಗೆ ಉರುಳಿಸಿಕೊಂಡು ಬಂದು ಹಿತ್ತಲಲ್ಲಿ ಕೂಡಿಸಿದ. ಮೈಮೇಲಿನ ಅಂಗಿ ಬಿಚ್ಚಿ ಅದರ ಮೇಲಿಟ್ಟು ಕೊಡ ತುಂಬಿದ.

"ಯವ್ವಾ, ಬಾ ಬೇ. ಒಗಿ ಬಾ."

ಅವಳು ಬಂದಳು. ಅಂಗಿಯನ್ನು ಮುಟ್ಟಲಿಲ್ಲ. ಕೊಡ ನೋಡಿದಳು, ಒಳಗೆ ಹೋಗಿ ಬುಟ್ಟಿ ತಂದು ಕಲ್ಲಿನ ತುದಿಗೆ, ನೀರು ಬೀಳುವ ಕಡೆ, ಇಟ್ಟಳು.

"ಬುಟ್ಟಿ ಬ್ಯಾಡ," ಎಂದು ಹುಲಿಗೇಶ ಅದನ್ನು ಸರಿಸಿ, ತಾನೇ ಕೊಡ ಎತ್ತಿ ಕಲ್ಲಿನ ಮೇಲೆ ಸುರಿದ. ನೀರು ಹರಿದು ಗೋಡೆಯ ಬುಡ ಸೇರುತ್ತಿದ್ದಂತೆ ಕರಿಯವ್ವ "ಬ್ಯಾಡೋ ಯಪ್ಪಾ!" ಎಂದು ಓಡಿ, ಸೀಳಿನ ಎರಡೂ ಬದಿಗೆ ಅಂಗೈ ಊರಿ, ಮೈಯೆಲ್ಲ ಭಾರ ಹಾಕಿ ಗೋಡೆಯನ್ನು ಒತ್ತಿ ಹಿಡಿದಳು. ಖಾಲಿ ಕೊಡ ಹಿಡಿದುಕೊಂಡು ಅವನು ಎಷ್ಟು ಕರೆದರೂ ಕೈ ತೆಗೆಯಲಿಲ್ಲ.